ನೆರೆಯ ಹೊಣೆ ಮತ್ತು ಪಕ್ಷದ ಲೆಕ್ಕ

(ದಶಲಕ್ಷಣ ಪರ್ವದ ಸಂದರ್ಭದಲ್ಲಿ ಕಲ್ಯಾಣದ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಳೆಗಾಲ ಬಂದಿತೆಂದರೆ ನಮ್ಮ ಮನೆಗಳಲ್ಲಿ ಎರಡು ಕಡೆಯ ಚಿಂತೆ. ಇಲ್ಲಿ ಉಲ್ಹಾಸ ನದಿ ಎಷ್ಟು ಏರಿತು ಎಂಬುದು ಒಂದು. ಅಲ್ಲಿ ಕೃಷ್ಣೆ, ಪಂಚಗಂಗೆ, ದೂಧಗಂಗೆ, ವೇದಗಂಗೆಗಳು ಎಷ್ಟು ಏರಿದವು ಎಂಬುದು ಇನ್ನೊಂದು. ನಮ್ಮಲ್ಲಿ ಬಹಳಷ್ಟು ಜನರ ತವರು, ಬೀಗತನ, ಹೊಲಮನೆಗಳು ಶಿರೋಳ, ಇಚಲಕರಂಜಿ, ಸಾಂಗ್ಲಿಗಳ ಕಡೆಗೂ ಇವೆ, ನಿಪ್ಪಾಣಿ, ಚಿಕ್ಕೋಡಿ, ಅಥಣಿ, ಜಮಖಂಡಿಗಳ ಕಡೆಗೂ ಇವೆ. ರಾಜ್ಯದ ಗಡಿಯು ನಮ್ಮ ಕುಟುಂಬಗಳ ನಡುವೆಯೇ ಹಾದುಹೋಗಿದೆ. ಆದ್ದರಿಂದ ನೆರೆ ಬಂದಾಗ ಅದರ ಜಗಳವೂ ಮನೆಯೊಳಗೇ ಬರುತ್ತದೆ. ಮಾವನವರು ಆಲಮಟ್ಟಿಯನ್ನು ದೂರಿದರೆ ಅಳಿಯಂದಿರು ಕೊಯ್ನಾ ಜಲಾಶಯವನ್ನು ದೂರುತ್ತಾರೆ. ಒಬ್ಬರು ದೆಹಲಿಯನ್ನು ಬೈದರೆ ಇನ್ನೊಬ್ಬರು ಬೆಂಗಳೂರನ್ನೋ ಮುಂಬಯಿಯನ್ನೋ ಬೈಯುತ್ತಾರೆ. ವಾಟ್ಸಾಪ್ ಬಳಗಗಳಿಂದ ಹೊರನಡೆದವರೂ ಉಂಟು.

ನಾನು ನೀರಾವರಿ ತಜ್ಞನಲ್ಲ. ರಾಜಕಾರಣವೂ ನನ್ನ ವೃತ್ತಿಯಲ್ಲ. ನಾನೊಬ್ಬ ಚಾರ್ಟರ್ಡ್ ಅಕೌಂಟೆಂಟ್. ಯಾರು ಏನೇ ಹೇಳಿದರೂ ‘ವೋಚರ್ ಎಲ್ಲಿ, ತಾರೀಖು ಯಾವುದು, ಸಹಿ ಯಾರದು’ ಎಂದು ಕೇಳುವುದು ನನ್ನ ವೃತ್ತಿ ಕಲಿಸಿದ ಅಭ್ಯಾಸ. ಆ ಅಭ್ಯಾಸವನ್ನೇ ಈ ವಿಷಯಕ್ಕೆ ಅನ್ವಯಿಸಿ ನೋಡೋಣ.

2019ರ ಮಳೆಗಾಲವನ್ನು ನೆನಪಿಸಿಕೊಳ್ಳಿ. ಜುಲೈ 27ರಂದು, ನಾವೆಲ್ಲ ಊರಿಗೆ ಹೋಗಲು ಹತ್ತುವ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ ಮತ್ತು ವಾಂಗಣಿಗಳ ನಡುವೆ ಉಲ್ಹಾಸ ನದಿಯ ನೀರಿನಲ್ಲಿ ಸಿಲುಕಿತು. ಸಾವಿರದಷ್ಟು ಪ್ರಯಾಣಿಕರನ್ನು ದೋಣಿಗಳಲ್ಲಿ ಪಾರುಮಾಡಬೇಕಾಯಿತು. ಎರಡು ವಾರವೂ ಕಳೆಯಲಿಲ್ಲ. ಆ ರೈಲು ತಲುಪಬೇಕಾಗಿದ್ದ ಕೊಲ್ಹಾಪುರವೇ ನೀರಿನಲ್ಲಿ ನಿಂತಿತು. ರಾಜಾರಾಮ ಬಂಧಾರೆಯಲ್ಲಿ ಅಪಾಯದ ಮಟ್ಟ 43 ಅಡಿ. ಪಂಚಗಂಗೆ 55 ಅಡಿ ದಾಟಿತು. ಸಾಂಗ್ಲಿಯ ಇರ್ವಿನ್ ಸೇತುವೆಯಲ್ಲಿ ಅಪಾಯದ ಮಟ್ಟ 45 ಅಡಿ. ಕೃಷ್ಣೆ 57 ಅಡಿ ದಾಟಿತು. ಪುಣೆ–ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಆಗಸ್ಟ್ 8ರಂದು ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಪಾರಾಗಲು ಹತ್ತಿದ ದೋಣಿಯೇ ಮಗುಚಿ ಹಲವರು ಜೀವ ಕಳೆದುಕೊಂಡರು. ಗಡಿಯ ಆಚೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ನದೀತೀರದ ಊರುಗಳು ಮುಳುಗಿದವು.

ನೀರು ಇಳಿಯುವ ಮೊದಲೇ ಜಗಳ ಏರಿತು. ಆಲಮಟ್ಟಿಯಿಂದ ಕರ್ನಾಟಕ ಸಾಕಷ್ಟು ನೀರು ಬಿಡಲಿಲ್ಲ, ಹಿನ್ನೀರು ಸಾಂಗ್ಲಿಯನ್ನು ಮುಳುಗಿಸಿತು ಎಂದು ಮಹಾರಾಷ್ಟ್ರದ ಕಡೆಯಿಂದ ದೂರು. ಕೊಯ್ನಾ ಮೊದಲಾದ ಜಲಾಶಯಗಳಿಂದ ಮಹಾರಾಷ್ಟ್ರ ಒಮ್ಮೆಗೇ ನೀರು ಬಿಟ್ಟು ನಮ್ಮನ್ನು ಮುಳುಗಿಸಿತು ಎಂದು ಕರ್ನಾಟಕದ ಕಡೆಯಿಂದ ದೂರು.

ಈ ದೂರುಗಳ ಪಕ್ಕದಲ್ಲಿ ಒಂದು ಚಿಕ್ಕ ಪಟ್ಟಿಯನ್ನು ಇಟ್ಟು ನೋಡಿ. 2005ರ ನೆರೆಯಲ್ಲಿಯೂ ಆಲಮಟ್ಟಿಯ ಮೇಲೆ ಇದೇ ಆರೋಪ ಬಂದಿತ್ತು. ಆಗ ಮಹಾರಾಷ್ಟ್ರದಲ್ಲಿ ವಿಲಾಸರಾವ್ ದೇಶಮುಖರು, ಕರ್ನಾಟಕದಲ್ಲಿ ಧರ್ಮಸಿಂಗ್ ಅವರು, ಇಬ್ಬರೂ ಕಾಂಗ್ರೆಸ್ಸಿನವರು. 2019ರಲ್ಲಿ ಇಲ್ಲಿ ದೇವೇಂದ್ರ ಫಡಣವೀಸರು, ಅಲ್ಲಿ ಯಡಿಯೂರಪ್ಪನವರು. ಇಬ್ಬರೂ ಭಾರತೀಯ ಜನತಾ ಪಕ್ಷದವರು, ದೆಹಲಿಯಲ್ಲಿಯೂ ಅದೇ ಪಕ್ಷ. ಆಳುವ ಪಕ್ಷ ಬದಲಾದರೂ ದೂರು ಬದಲಾಗಲಿಲ್ಲ. ಹಾಗಿದ್ದ ಮೇಲೆ ದೂರಿನ ಮೂಲವನ್ನು ಪಕ್ಷದ ಹೆಸರಿನಲ್ಲಿ ಹುಡುಕಿ ಪ್ರಯೋಜನವೇನು? ಪಕ್ಕದ ರಾಜ್ಯದವರಿಗೆ ಇಲ್ಲಿ ಮತವಿಲ್ಲ. ಆದ್ದರಿಂದ ಅವರನ್ನು ದೂರುವುದು ಎಲ್ಲ ಪಕ್ಷಗಳಿಗೂ ಖರ್ಚಿಲ್ಲದ ವ್ಯವಹಾರ. 2021ರ ಜೂನ್ ತಿಂಗಳಿನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲರು ಬೆಂಗಳೂರಿಗೆ ಹೋಗಿ ಯಡಿಯೂರಪ್ಪನವರೊಡನೆ ಪ್ರವಾಹ ನಿರ್ವಹಣೆಯ ಬಗ್ಗೆ ಮಾತುಕತೆ ನಡೆಸಿದರು. ಇಬ್ಬರೂ ಎದುರಾಳಿ ಪಕ್ಷಗಳವರು. ಮನಸ್ಸಿದ್ದರೆ ಕುಳಿತು ಮಾತನಾಡಲು ಪಕ್ಷ ಅಡ್ಡಬರುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಹಾಗಾದರೆ ಸತ್ಯವೇನು? 2019ರ ನೆರೆಯ ನಂತರ ಮಹಾರಾಷ್ಟ್ರ ಸರ್ಕಾರವೇ ನಿವೃತ್ತ ಅಧಿಕಾರಿ ನಂದಕುಮಾರ ವಡನೇರೆ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 2020ರಲ್ಲಿ ವರದಿ ಬಂದಾಗ ಸರ್ಕಾರವೂ ಬದಲಾಗಿತ್ತು. ಸಾಂಗ್ಲಿ–ಕೊಲ್ಹಾಪುರಗಳ ಆ ನೆರೆಗೆ ಆಲಮಟ್ಟಿ ಕಾರಣವಲ್ಲ ಎಂಬುದು ವರದಿಯ ನಿಲುವು. ಅಸಾಧಾರಣ ಮಳೆ, ನದೀಪಾತ್ರದ ಅತಿಕ್ರಮಣ ಮುಂತಾದವುಗಳ ಕಡೆಗೆ ಅದು ಬೊಟ್ಟು ಮಾಡಿತು. ಆದರೂ ಆಲಮಟ್ಟಿ ಆರೋಪಮುಕ್ತವಾಗಲಿಲ್ಲ. ಅಣೆಕಟ್ಟಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಪ್ರಸ್ತಾಪ ಬೇರೆಯೇ ಪ್ರಶ್ನೆ. ಅದರಿಂದ ಮುಂದೆ ಏನಾದೀತು ಎಂಬುದನ್ನು ತಜ್ಞರು ಪರಿಶೀಲಿಸಲೇಬೇಕು, ಸಾಂಗ್ಲಿಯವರ ಆತಂಕವನ್ನು ಹಗುರವಾಗಿ ಕಾಣಬಾರದು. ಆದರೆ ನಾಳಿನ ಆತಂಕವನ್ನು ನಿನ್ನೆಯ ಅಪರಾಧವೆಂದು ಬರೆದಿಡುವುದು ಲೆಕ್ಕದ ಕ್ರಮವಲ್ಲ.

ನನ್ನ ವೃತ್ತಿಯ ಒಂದು ಉದಾಹರಣೆ ಕೊಡುತ್ತೇನೆ. ಅಂಗಡಿಯ ಪುಸ್ತಕದಲ್ಲಿ ಒಂದು ಬಾಕಿ ಇರುತ್ತದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ವ್ಯವಹಾರ ಅದೇ, ಹಣ ಅದೇ. ಎರಡನ್ನೂ ಎದುರುಬದುರು ಇಟ್ಟು ತಾರೀಖುವಾರು ತಾಳೆ ನೋಡಿದರೆ ಬಹುಪಾಲು ವ್ಯತ್ಯಾಸಕ್ಕೆ ಕಾರಣ ಕಳ್ಳತನವಲ್ಲ, ಕಾಲದ ಅಂತರ ಎಂದು ತಿಳಿಯುತ್ತದೆ: ಇವರು ಇಂದು ಬರೆದ ಚೆಕ್ ಅವರಲ್ಲಿ ಮೂರು ದಿನದ ಮೇಲೆ ಜಮೆಯಾಗಿರುತ್ತದೆ. ಕೃಷ್ಣೆಯ ನೀರೂ ಹಾಗೆಯೇ. ಕೊಯ್ನಾದಲ್ಲಿ ಇಂದು ಬಿಟ್ಟ ನೀರು ಇಂದೇ ಆಲಮಟ್ಟಿ ಸೇರುವುದಿಲ್ಲ. ಮಹಾರಾಷ್ಟ್ರದ ಪುಸ್ತಕ ಒಂದು, ಕರ್ನಾಟಕದ ಪುಸ್ತಕ ಇನ್ನೊಂದು, ಕೇಂದ್ರ ಜಲ ಆಯೋಗದ್ದು ಮತ್ತೊಂದು. ಯಾವ ತಾಸಿನಲ್ಲಿ ಯಾವ ಗೇಟು ಎಷ್ಟು ತೆರೆಯಿತು, ಆಗಸ್ಟ್ ಆರಂಭಕ್ಕೆ ಯಾವ ಜಲಾಶಯ ಎಷ್ಟು ತುಂಬಿತ್ತು, ಮುಂದಿನ ಮಳೆಗೆಂದು ಎಷ್ಟು ಜಾಗ ಉಳಿಸಿದ್ದರು ಎಂಬ ಮೂರು ಪುಸ್ತಕಗಳನ್ನು ತಾಳೆ ಹಾಕಿ ಜನರ ಮುಂದೆ ಇಟ್ಟರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ. ಉಳಿದರ್ಧಕ್ಕೆ ಹೊಣೆ ಯಾರೆಂಬುದು ಹೆಸರು ಸಹಿತ ಗೊತ್ತಾಗುತ್ತದೆ. ರಾಜಕೀಯ ಪಕ್ಷಗಳಿಗೆ ಅನನುಕೂಲವಾಗುವುದು ಈ ಉಳಿದರ್ಧವೇ.

ಇನ್ನು ಪರಿಹಾರದ ಹಣದ ಮಾತು. 2009ರಲ್ಲಿ ಉತ್ತರ ಕರ್ನಾಟಕದಲ್ಲಿ ಭೀಕರ ನೆರೆ ಬಂದಾಗ ಯಡಿಯೂರಪ್ಪನವರೇ ಮುಖ್ಯಮಂತ್ರಿಗಳು. ಕೇಂದ್ರದಲ್ಲಿ ಮನಮೋಹನ ಸಿಂಗ್ ಅವರ ಸರ್ಕಾರ. ಕೇಂದ್ರ 1,000 ಕೋಟಿ ರೂಪಾಯಿ ಘೋಷಿಸಿದಾಗ ಇದು ಏನೇನೂ ಸಾಲದು ಎಂದು ರಾಜ್ಯದ ಆಳುವ ಪಕ್ಷ ಹೇಳಿತು. 2019ರಲ್ಲಿ ಮತ್ತೆ ಅವರೇ ಮುಖ್ಯಮಂತ್ರಿಗಳು. ಹಾನಿಯ ಅಂದಾಜು 35 ಸಾವಿರ ಕೋಟಿಗೂ ಮಿಕ್ಕಿತ್ತು. ಅಕ್ಟೋಬರ್ ಆರಂಭದಲ್ಲಿ ಕೇಂದ್ರದಿಂದ ಬಂದದ್ದು 1,200 ಕೋಟಿ. ಈಗ ಸಾಲದು ಎಂದು ಕೂಗುವ ಸರದಿ ಕಾಂಗ್ರೆಸ್ಸಿನದು. 2024ರಲ್ಲಿ ಬರಗಾಲದ ಪರಿಹಾರಕ್ಕಾಗಿ ಸಿದ್ದರಾಮಯ್ಯನವರ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕೇಳಿದ್ದು 18 ಸಾವಿರ ಕೋಟಿಗೂ ಹೆಚ್ಚು, ದೊರೆತದ್ದು ಸುಮಾರು 3,400 ಕೋಟಿ. ಮಾತು ಅದೇ, ಆಡುವ ಬಾಯಿ ಮಾತ್ರ ಬೇರೆ.

ಇಲ್ಲಿ ಜನರಿಗೆ ತಿಳಿಸದ ಒಂದು ಅಂಶವಿದೆ. ಹಾನಿಯ ಅಂದಾಜು ಒಂದು ಮೊತ್ತ, ವಿಪತ್ತು ನಿಧಿಯ ಮಾನದಂಡದಂತೆ ಕೇಳಬಹುದಾದದ್ದು ಎರಡನೆಯ ಮೊತ್ತ, ಬಿಡುಗಡೆಯಾದದ್ದು ಮೂರನೆಯದು. ವಿರೋಧಿಗಳು ಮೊದಲನೆಯದನ್ನು ಮೂರನೆಯದರ ಪಕ್ಕದಲ್ಲಿ ಇಡುತ್ತಾರೆ, ಆಳುವವರು ಎರಡನೆಯದನ್ನು ಮೂರನೆಯದರ ಪಕ್ಕದಲ್ಲಿ ಇಡುತ್ತಾರೆ. ಎರಡನೆಯ ಮೊತ್ತವೇ ಏಕೆ ಅಷ್ಟು ಚಿಕ್ಕದು ಎಂದು ಇಬ್ಬರೂ ಕೇಳುವುದಿಲ್ಲ. 2019ರಲ್ಲಿ ಬಯಲುಸೀಮೆಯ ಮನೆ ಪೂರ್ತಿ ಬಿದ್ದರೆ ಕೇಂದ್ರದ ಮಾನದಂಡದಂತೆ ಸಿಗುತ್ತಿದ್ದುದು 95,100 ರೂಪಾಯಿ. ಕರ್ನಾಟಕ ಸರ್ಕಾರ ತನ್ನ ಕೈಯಿಂದ ಸೇರಿಸಿ 5 ಲಕ್ಷ ಕೊಡುವುದಾಗಿ ಹೇಳಬೇಕಾಯಿತು. ಆ ಅಂತರವೇ ಮಾನದಂಡದ ಕೊರತೆಯನ್ನು ತೋರಿಸುತ್ತದೆ. ಆಗ ನೀರಾವರಿ ಬೆಳೆಗೆ ಸಿಗುತ್ತಿದ್ದುದು ಹೆಕ್ಟೇರಿಗೆ 13,500 ರೂಪಾಯಿ, ಅದೂ 2 ಹೆಕ್ಟೇರಿನವರೆಗೆ ಮಾತ್ರ. ಅಂದರೆ ಎಂಟು ಎಕರೆ ಬೆಳೆ ಕೊಳೆತ ರೈತನಿಗೆ ಸಿಗುತ್ತಿದ್ದುದು ಹೆಚ್ಚೆಂದರೆ 27,000. ತಮ್ಮ ಊರಿನ ಹೊಲದ ಖರ್ಚು ತಮಗೇ ಗೊತ್ತು. ನಾನು ಹೆಚ್ಚು ಹೇಳಬೇಕಾಗಿಲ್ಲ.

‘ವಿಕೋಪದ ಸಮಯದಲ್ಲಿ ರಾಜಕೀಯ ಬೇಡ’ ಎಂಬ ಮಾತು ಸಭ್ಯರಾದ ನಮಗೆಲ್ಲ ಹಿತವಾಗಿ ಕೇಳಿಸುತ್ತದೆ. ಆದರೆ ಗಮನಿಸಿ: ಈ ಮಾತನ್ನು ಯಾವಾಗಲೂ ಹೇಳುವವರು ಅಧಿಕಾರದಲ್ಲಿರುವವರೇ. ಅದೇ 2019ರಲ್ಲಿ ಕೊಲ್ಹಾಪುರ ಜಿಲ್ಲೆಯಲ್ಲಿ ಹಂಚಿದ ಧಾನ್ಯದ ಪೊಟ್ಟಣಗಳ ಮೇಲೆ ಮುಖ್ಯಮಂತ್ರಿಗಳ ಮತ್ತು ಸ್ಥಳೀಯ ಶಾಸಕರ ಚಿತ್ರಗಳಿದ್ದವು. ಅದು ರಾಜಕೀಯವಲ್ಲವೆ? ಅದೇ ವರ್ಷ ವಿಜಯಪುರದ ಶಾಸಕ ಬಸನಗೌಡ ಪಾಟೀಲ ಯತ್ನಾಳರು ನೆರೆ ಪರಿಹಾರದ ವಿಳಂಬಕ್ಕಾಗಿ ತಮ್ಮದೇ ಪಕ್ಷದ ಕೇಂದ್ರ ಸರ್ಕಾರವನ್ನು ಟೀಕಿಸಿದಾಗ ಪಕ್ಷ ಅವರಿಗೆ ನೋಟೀಸು ಕೊಟ್ಟಿತು. ಅವರ ಉಳಿದ ಮಾತುಗಳನ್ನು ಒಪ್ಪುವುದು ಬಿಡುವುದು ಬೇರೆ. ಆ ಒಂದು ಪ್ರಶ್ನೆ ನ್ಯಾಯವಾದದ್ದು. ಹೊಣೆ ಕೇಳುವುದು ಪ್ರಜೆಯ ಹಕ್ಕು. ನಾವು ತೊರೆಯಬೇಕಾದದ್ದು ಪಕ್ಷ ನೋಡಿ ಕೇಳುವ ಚಾಳಿಯನ್ನು. ನಮ್ಮ ಮೆಚ್ಚಿನ ಪಕ್ಷ ಆಳುತ್ತಿರುವಾಗಲೂ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಕೇಳಬಲ್ಲೆವೆ? ಕೇಳಲಾರೆವಾದರೆ, ಎದುರು ಪಕ್ಷವನ್ನು ಕೇಳಿದ ಪ್ರಶ್ನೆಗೂ ಬೆಲೆಯಿಲ್ಲ.

ದೂರದ ಕೃಷ್ಣೆಯಿಂದ ಈಗ ನಮ್ಮ ಉಲ್ಹಾಸ ನದಿಗೆ ಬರೋಣ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಕಲ್ಯಾಣ, ಬದ್ಲಾಪುರಗಳೂ ಮುಳುಗಿದವು. ಮುಂಬಯಿ ಮಹಾನಗರಪಾಲಿಕೆ ಶಿವಸೇನೆ–ಬಿಜೆಪಿಯ ಕೈಯಲ್ಲಿ, ರಾಜ್ಯ ಕಾಂಗ್ರೆಸ್–ರಾಷ್ಟ್ರವಾದಿ ಕಾಂಗ್ರೆಸ್ಸಿನ ಕೈಯಲ್ಲಿ. ಪಾಲಿಕೆ ರಾಜ್ಯವನ್ನು ತೋರಿಸಿತು, ರಾಜ್ಯ ಪಾಲಿಕೆಯನ್ನು ತೋರಿಸಿತು. ಕೊನೆಗೆ ಬಹುಪಾಲು ಬೈಗುಳ ಪ್ಲಾಸ್ಟಿಕ್ ಚೀಲದ ಪಾಲಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

ನೆಲದ ವಿಷಯಕ್ಕೆ ಬಂದರೆ ನಮ್ಮ ಪಾಲೂ ಇದೆ. ಮಹಾರಾಷ್ಟ್ರದಲ್ಲಿ ನದಿಗಳಿಗೆ ನೀಲಿ ರೇಖೆ, ಕೆಂಪು ರೇಖೆ ಎಂದು ಗುರುತಿಸುವ ಪದ್ಧತಿಯಿದೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ನೆರೆ ತಲುಪುವ ಮಟ್ಟ ನೀಲಿ. ನೂರು ವರ್ಷಕ್ಕೊಮ್ಮೆಯದು ಕೆಂಪು. ಬದ್ಲಾಪುರದಿಂದ ಕಲ್ಯಾಣದವರೆಗೆ ಫ್ಲ್ಯಾಟ್ ಕೊಳ್ಳುವಾಗ ನಾವು ಸ್ಟೇಷನ್ನಿಗೆ ಎಷ್ಟು ದೂರ, ಬಸದಿ ಎಲ್ಲಿದೆ, ಸಾಲ ಎಷ್ಟು ಸಿಗುತ್ತದೆ ಎಂದು ಕೇಳುತ್ತೇವೆ. ಕಟ್ಟಡ ಯಾವ ರೇಖೆಯೊಳಗಿದೆ ಎಂದು ಎಷ್ಟು ಜನ ಕೇಳಿದ್ದಾರೆ? ನದಿಯ ಜಾಗದಲ್ಲಿ ಕಟ್ಟಿದವನು, ಅನುಮತಿ ಕೊಟ್ಟವನು, ಕಣ್ಣುಮುಚ್ಚಿ ಕೊಂಡವನು, ಈ ಮೂವರಿಗೂ ಒಂದೇ ಪಕ್ಷವೆಂಬುದಿಲ್ಲ.

ಮಾತು ಮುಗಿಸುವ ಮೊದಲು ಕಾರ್ಯರೂಪದ ನಾಲ್ಕು ಸೂಚನೆಗಳನ್ನು ತಮ್ಮ ಮುಂದಿಡುತ್ತೇನೆ.

ಒಂದು, ನೆರೆಯ ಕುರಿತಾದ ಯಾವ ಸಂದೇಶವನ್ನೂ ತಾರೀಖು, ಸ್ಥಳ, ಮೂಲ ನೋಡದೆ ಮುಂದಕ್ಕೆ ಕಳುಹಿಸಬೇಡಿ. ಹಳೆಯ ವರ್ಷದ ವಿಡಿಯೋ ಹೊಸ ಭಯವನ್ನು ಹುಟ್ಟಿಸುತ್ತದೆ.

ಎರಡು, ನಾವು ಕೂಡಿಸುವ ಪರಿಹಾರ ನಿಧಿಯು ನದಿಯ ಎರಡೂ ದಡಗಳಿಗೆ, ಜಾತಿ ಮತ ಕೇಳದೆ ಸಲ್ಲಲಿ. ಪೊಟ್ಟಣದ ಮೇಲೆ ಯಾರ ಚಿತ್ರವೂ ಬೇಡ, ಸಂಘದ ಹೆಸರೂ ಬೇಡ. ಆಹಾರದಾನ, ಔಷಧದಾನಗಳಿಗೆ ಪ್ರಚಾರದ ಅಗತ್ಯವಿಲ್ಲ. ಆದರೆ ಜಮೆ–ಖರ್ಚಿನ ಲೆಕ್ಕವನ್ನು ತಿಂಗಳೊಳಗೆ ದಾನಿಗಳೆಲ್ಲರಿಗೂ ಕಾಣುವಂತೆ ಪ್ರಕಟಿಸಲೇಬೇಕು. ಸರ್ಕಾರದ ಲೆಕ್ಕ ಕೇಳುವವರು ತಮ್ಮದನ್ನು ಮೊದಲು ತೋರಿಸಬೇಕು.

ಮೂರು, ಊರಿನ ಬಂಧುಗಳಿಗೆ ಹಣದಷ್ಟೇ ಕಾಗದದ ನೆರವೂ ಬೇಕು. ಪಂಚನಾಮೆ ಆಯಿತೆ, ಪಹಣಿಯಲ್ಲಿ ಹೆಸರು ಸರಿಯಿದೆಯೆ, ಬ್ಯಾಂಕ್ ಖಾತೆ ಆಧಾರಿಗೆ ಜೋಡಣೆಯಾಗಿದೆಯೆ ಎಂದು ವಿಚಾರಿಸಿ. ಬಿದ್ದ ಮನೆಯ ಫೋಟೋ ತೆಗೆಸಿಡಿ. ಎಷ್ಟೋ ಅರ್ಜಿಗಳು ಇಂಥ ಸಣ್ಣ ಕಾರಣಕ್ಕೆ ತಿರಸ್ಕೃತವಾಗುತ್ತವೆ.

ನಾಲ್ಕು, ಜಗಳದ ಬದಲು ಅರ್ಜಿ ಬರೆಯಿರಿ. ಮಾಹಿತಿ ಹಕ್ಕು ಕಾಯ್ದೆಯಡಿ 30 ದಿನಗಳಲ್ಲಿ ಉತ್ತರ ಕೊಡಬೇಕೆಂಬ ನಿಯಮವಿದೆ. ಜಲಾಶಯದ ಗೇಟಿನ ದಾಖಲೆ, ತಾಲೂಕಿನ ಪರಿಹಾರ ಪಟ್ಟಿ, ನಮ್ಮ ಬಡಾವಣೆಯ ಪ್ರವಾಹ ರೇಖೆಯ ನಕಾಶೆ ಇವನ್ನೆಲ್ಲ ಕೇಳಬಹುದು. ಗಡಿಯ ಎರಡೂ ಕಡೆ ಬಂಧುಗಳಿರುವ ನಾವು ಎರಡೂ ರಾಜ್ಯಗಳಲ್ಲಿ ಒಂದೇ ಪ್ರಶ್ನೆ ಕೇಳಿ ಉತ್ತರಗಳನ್ನು ತಾಳೆ ನೋಡಬಲ್ಲೆವು. ಈ ಅನುಕೂಲ ಹೆಚ್ಚು ಜನರಿಗಿಲ್ಲ.

ಇನ್ನು ಕೆಲವೇ ದಿನಗಳಲ್ಲಿ ಕ್ಷಮಾವಾಣಿ. ಆಲಮಟ್ಟಿ–ಕೊಯ್ನಾಗಳ ಹೆಸರಿನಲ್ಲಿ ಮಾತು ಬಿಟ್ಟ ಬೀಗರಿದ್ದರೆ, ಬಳಗದಿಂದ ಹೊರನಡೆದ ಅಣ್ಣತಮ್ಮಂದಿರಿದ್ದರೆ, ಅಂದು ತಾವೇ ಮೊದಲು ಫೋನ್ ಮಾಡಿ. ಬಂಧುಗಳ ಮೇಲಿನ ಸಿಟ್ಟನ್ನು ಮನ್ನಾ ಮಾಡಬಹುದು. ಆದರೆ ಸರ್ಕಾರ ಯಾವ ಪಕ್ಷದ್ದೇ ಆಗಿರಲಿ, ಅದು ಒಪ್ಪಿಸಬೇಕಾದ ಲೆಕ್ಕವನ್ನು ಮನ್ನಾ ಮಾಡುವ ಅಧಿಕಾರ ನಮಗಿಲ್ಲ. ಆ ಲೆಕ್ಕ ನೀರಿನಲ್ಲಿ ಮನೆ ಕಳೆದುಕೊಂಡವರಿಗೆ ಸಲ್ಲಬೇಕಾದದ್ದು.