ಕಾಲಿಗೆ ಬೆಳಕು, ಕಾಡಿಗೆ ಕತ್ತಲೆ

(ಸಿಂಗಟಗೆರೆಯಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ)



ಕಡೂರು ಸೀಮೆಯಲ್ಲಿ ತಲೆಗೆ ಕಟ್ಟುವ ಬ್ಯಾಟರಿಯನ್ನು ಕೊಳ್ಳುವವರು ಮುಖ್ಯವಾಗಿ ಎರಡು ಬಗೆಯವರು. ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ತೋಟಕ್ಕೆ ಹೋಗಿ ಮೋಟಾರು ಹಾಕಬೇಕಾದ ರೈತರು. ರಜೆಯಲ್ಲಿ ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿಗಳ ಕಡೆ ಚಾರಣಕ್ಕೆ ಹೊರಡುವ ವಿದ್ಯಾರ್ಥಿಗಳು. ಇಬ್ಬರೂ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಒಂದೇ: ‘ಬೆಳಕು ಎಷ್ಟು ದೂರ ಹೋಗುತ್ತದೆ?’ ಕೇಳಬೇಕಾದುದು ಬೇರೆ: ಮುಂದಿನ ಹೆಜ್ಜೆ ಬೀಳುವ ನೆಲವನ್ನು ಈ ದೀಪ ಕೊನೆಯವರೆಗೆ ತೋರಿಸೀತೇ?

ಇದು ಜೀವದ ಪ್ರಶ್ನೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ. ಅವರಲ್ಲಿ ಬಹುಪಾಲು ಹಳ್ಳಿಗಾಡಿನವರು. ಕೊಳಕುಮಂಡಲ ಇರುಳಿನಲ್ಲಿ ಸಂಚರಿಸುವ ಹಾವು; ಹೆಜ್ಜೆಯ ಸಪ್ಪಳಕ್ಕೆ ಸರಿದುಹೋಗದೆ ತರಗೆಲೆಯ ನಡುವೆ ಸುರುಳಿ ಸುತ್ತಿ ಬಿದ್ದಿರುವುದೂ ಉಂಟು.

ಹಿಂದಿನವರು ಸೂಡಿ ಬೀಸುತ್ತ, ಲಾಟೀನು ಹಿಡಿದು ನಡೆದರು. ಅಲ್ಲಿ ಒಂದು ಕೈ ದೀಪಕ್ಕೇ ಮೀಸಲು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚುವ ಬಹಳ ಮೊದಲೇ ಗಣಿ ಕಾರ್ಮಿಕರು ತಲೆಯ ಮೇಲೆ ದೀಪ ಧರಿಸಿ ಎರಡೂ ಕೈಗಳನ್ನು ಕೆಲಸಕ್ಕೆ ಬಿಡಿಸಿಕೊಂಡಿದ್ದರು. ಎಲ್‌ಇಡಿ ಬಂದ ಮೇಲೆ ಅದೇ ದೀಪ ನೂರು ಗ್ರಾಮಿನೊಳಗೆ ಅಡಗಿತು.

ಇಂದು ದೊರೆಯುವ ದೀಪಗಳಲ್ಲಿ ಮೂರು ಬಗೆಗಳನ್ನು ಹೋಲಿಸಬಹುದು. ಮೊದಲನೆಯದು ಸಂತೆಯಲ್ಲಿ ಸಿಗುವ, ಚಾರ್ಜ್ ಮಾಡುವ ದೊಡ್ಡ ದೀಪ. ಬೆಲೆ ಕಡಿಮೆ, ಬೆಳಕು ತೀಕ್ಷ್ಣ. ಆದರೆ ಭಾರ ಹೆಚ್ಚು. ಬೆಳಕು ಕಿರಿದಾದ ಒಂದು ಚಕ್ರದಲ್ಲಿ ದೂರ ಬಿದ್ದು, ಪಾದದ ಬಳಿ ಕತ್ತಲೆಯೇ ಉಳಿಯುತ್ತದೆ. ಎರಡನೆಯದು ಸಣ್ಣ ಸೆಲ್ಲಿನ ಹಗುರ ದೀಪ. ಹಳ್ಳಿಯ ಅಂಗಡಿಯಲ್ಲೂ ಸೆಲ್ ಸಿಗುವುದರಿಂದ ಹಲವು ದಿನಗಳ ಚಾರಣಕ್ಕೆ ಅನುಕೂಲ. ಆದರೆ ಖರ್ಚು ಮುಗಿಯದು. ಮೂರನೆಯದು ಮೊಬೈಲ್ ಚಾರ್ಜರಿನಿಂದಲೇ ತುಂಬುವ ಹಗುರ ದೀಪ. ದಿನವೂ ಬಳಸುವವರಿಗೆ ಇದೇ ಮಿತವ್ಯಯ; ಚಾರ್ಜ್ ಮುಗಿದರೆ ಮಾತ್ರ ಕಾಡಿನಲ್ಲಿ ಉಪಾಯವಿಲ್ಲ.

ಡಬ್ಬಿಯ ಮೇಲಿನ ಅಂಕಿಗಳನ್ನು ಅರಿತು ಓದಬೇಕು. ಅಮೆರಿಕದಲ್ಲಿ 2009ರಲ್ಲಿ ರೂಪುಗೊಂಡ ಎಫ್‌ಎಲ್ 1 ಮಾನದಂಡದಲ್ಲಿ ಬೆಳಕಿನ ‘ದೂರ’ವೆಂದರೆ, ಅದು ಸುಮಾರು ಹುಣ್ಣಿಮೆಯ ಬೆಳದಿಂಗಳಿನಷ್ಟಕ್ಕೆ, ಅಂದರೆ 0.25 ಲಕ್ಸ್‌ಗೆ, ಇಳಿಯುವ ಜಾಗ. ಅಷ್ಟು ಬೆಳಕಿನಲ್ಲಿ ತರಗೆಲೆಯೊಳಗಿನ ಹಾವು ಕಾಣದು. ‘ಇಷ್ಟು ಗಂಟೆ’ ಎಂಬುದೂ ಬೆಳಕು ಆರಂಭದ ಹತ್ತನೆಯ ಒಂದು ಭಾಗಕ್ಕೆ ಕುಸಿಯುವವರೆಗಿನ ಲೆಕ್ಕ. ಐಪಿಎಕ್ಸ್ 4 ಎಂದಿದ್ದರೆ ಎರಚುವ ನೀರನ್ನು ತಡೆಯುತ್ತದೆ. ಐಪಿಎಕ್ಸ್ 7 ಆದರೆ ಒಂದು ಮೀಟರ್ ನೀರಿನಲ್ಲಿ ಮೂವತ್ತು ನಿಮಿಷ ಮುಳುಗಿದರೂ ತಾಳುತ್ತದೆ. ಯಾವ ಮಾನದಂಡವನ್ನೂ ನಮೂದಿಸದ ಡಬ್ಬಿಯ ಅಂಕಿಗೆ ಬೆಲೆಯಿಲ್ಲ.

ಬಳಸುವ ಕ್ರಮವೂ ಅಷ್ಟೇ ಮುಖ್ಯ. ಹಣೆಯ ದೀಪ ಕಣ್ಣಿನ ನೇರಕ್ಕೇ ಇರುವುದರಿಂದ ಕಲ್ಲು, ಗುಂಡಿಗಳ ನೆರಳು ಕಾಣದೆ ನೆಲ ಚಪ್ಪಟೆಯಾಗಿ ತೋರುತ್ತದೆ. ಗಿರಿಯ ಮಂಜಿನಲ್ಲಿ ಬೆಳಕು ಕಣ್ಣಿಗೇ ಹಿಂದಿರುಗಿ ದಾರಿ ಬೆಳ್ಳಗೆ ಮುಚ್ಚಿಹೋಗುತ್ತದೆ. ಆಗ ದೀಪವನ್ನು ತಲೆಯಿಂದ ತೆಗೆದು ಸೊಂಟದ ಮಟ್ಟದಲ್ಲಿ ಹಿಡಿಯುವುದು ಲೇಸು. ಹಣೆಯ ದೀಪಕ್ಕೆ ಚಿರತೆ, ಜಿಂಕೆಗಳ ಕಣ್ಣು ಥಟ್ಟನೆ ಹೊಳೆಯುತ್ತದೆ. ಹಾವಿನ ಕಣ್ಣು ಹಾಗೆ ಹೊಳೆಯದು. ಹೊಳಪನ್ನು ನಂಬಿ ನಡೆಯುವವನಿಗೆ ಹಾವು ಕಾಣುವುದಿಲ್ಲ.

ಕೆಂಪು ಬೆಳಕಿನ ವಿಷಯದಲ್ಲೂ ವಿವೇಕ ಬೇಕು. ಕತ್ತಲೆಗೆ ಕಣ್ಣು ಪೂರ್ಣವಾಗಿ ಒಗ್ಗಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಬಿಳಿ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಮಂದ ಕೆಂಪು ಬೆಳಕು ಬಹಳ ಮಟ್ಟಿಗೆ ಉಳಿಸುತ್ತದೆ, ಹುಳುಗಳನ್ನೂ ಕಡಿಮೆ ಸೆಳೆಯುತ್ತದೆ. ಆದುದರಿಂದ ಬಿಡಾರದೊಳಗೆ ಕೆಂಪು ಬೆಳಕು ಸಾಕು. ನಡೆಯುವಾಗ ಮಾತ್ರ ಅದು ಸಲ್ಲದು: ಕಂದು ಎಲೆ, ಕಂದು ಹಾವು ಅದರಲ್ಲಿ ಒಂದೇ ಆಗಿ ಕಾಣುತ್ತವೆ. ನಡಿಗೆಗೆ ಅಗಲವಾಗಿ ಹರಡುವ ಹದವಾದ ಬಿಳಿ ಬೆಳಕೇ ತಕ್ಕುದು.

ಇರುಳು ಮನುಷ್ಯನೊಬ್ಬನದಲ್ಲ. ನತ್ತಿಂಗ, ಗೂಬೆ, ಕಪ್ಪೆ, ಪತಂಗಗಳ ಬದುಕು ಕತ್ತಲೆಯನ್ನೇ ನೆಚ್ಚಿದೆ. ಕಾಡಿನ ಮೇಲೆ ತೀಕ್ಷ್ಣ ಬೆಳಕು ಹಾಯಿಸುವುದರಿಂದ ನಡೆಯುವವನಿಗೆ ಲಾಭವಿಲ್ಲ, ಅವುಗಳಿಗೆ ಹಾನಿಯುಂಟು. ಮುಗಿದ ಸೆಲ್ಲನ್ನು ಗಿರಿಯಲ್ಲಿ ಎಸೆಯದೆ ಊರಿಗೆ ಮರಳಿ ತಂದು, ಹಳೆಯ ಬ್ಯಾಟರಿ ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ಕೊಳ್ಳುವ ಮೊದಲು ಅಂಗಡಿಯ ಕತ್ತಲೆಯ ಮೂಲೆಯಲ್ಲಿ ದೀಪ ಹೊತ್ತಿಸಿ ಪಾದದತ್ತ ಬಾಗಿಸಿ ನೋಡಿರಿ. ಮೂರು ಹೆಜ್ಜೆಯ ನೆಲ ಸ್ಪಷ್ಟವಾಗಿ ಕಂಡರೆ ಅದು ತಕ್ಕ ದೀಪ. ಜೊತೆಗೆ ಬದಲಿ ಸೆಲ್ಲು, ಕಾಲಿಗೆ ಬೂಟು, ಕೈಯಲ್ಲೊಂದು ಕೋಲು ಇರಲಿ.