ಮೊಣಕಾಲಿನ ಸವೆತಕ್ಕೆ ಸ್ಟೆಮ್ ಸೆಲ್: ಯಾರಿಗೆ, ಎಷ್ಟರ ಮಟ್ಟಿಗೆ?



"ಸ್ಟೆಮ್ ಸೆಲ್ ಇಂಜೆಕ್ಷನ್ ಮಾಡಿಸಿದರೆ ಮೊಣಕಾಲು ಹೊಸದಾಗುತ್ತದಂತೆ, ಹೌದೇ ಡಾಕ್ಟ್ರೇ?" ಎಂದು ನಿಮ್ಮಲ್ಲಿ ಅನೇಕರು ಕೇಳುತ್ತೀರಿ. ಹೊಲ ಒತ್ತೆ ಇಟ್ಟಾದರೂ ಮಾಡಿಸುತ್ತೇವೆ ಎನ್ನುವವರೂ ಇದ್ದೀರಿ. ಹಾಗೆ ಮಾಡುವ ಮೊದಲು ಈ ನಾಲ್ಕು ಮಾತು ಕೇಳಿ.

ಕೀಲಿನೊಳಗೆ ಮೂಳೆಗಳ ತುದಿಗೆ ಎಳೆ ತೆಂಗಿನಕಾಯಿಯ ತಿರುಳಿನಂತೆ ಬೆಳ್ಳಗಿನ, ನುಣುಪಾದ ಹೊದಿಕೆ ಇದೆ. ಇದೇ ಮೃದ್ವಸ್ಥಿ. ಇದಕ್ಕೆ ರಕ್ತನಾಳಗಳಿಲ್ಲ, ಆದ್ದರಿಂದ ಚರ್ಮದ ಗಾಯದಂತೆ ತಾನಾಗಿ ಮಾಯುವುದಿಲ್ಲ. ನರಗಳೂ ಇಲ್ಲ, ಸವೆತ ಶುರುವಾದದ್ದು ನಮಗೆ ತಿಳಿಯುವುದೇ ಇಲ್ಲ.

ಸ್ವೀಡನ್ನಿನ ವೈದ್ಯರು 1987ರಲ್ಲಿ ಒಂದು ದಾರಿ ಹಿಡಿದರು. ರೋಗಿಯದೇ ಮೃದ್ವಸ್ಥಿಯ ಚೂರು ತೆಗೆದು, ಪ್ರಯೋಗಾಲಯದಲ್ಲಿ ಅದರ ಜೀವಕೋಶಗಳನ್ನು ಬೆಳೆಸಿ, ಸಸಿ ನಾಟಿ ಮಾಡುವಂತೆ ಗಾಯದ ಗುಂಡಿಗೆ ಸೇರಿಸಿದರು. 1994ರಲ್ಲಿ 23 ಜನರ ಫಲಿತಾಂಶ ಪ್ರಕಟಿಸಿದರು. ತೊಡೆಮೂಳೆಯ ತುದಿಯಲ್ಲಿ ಗಾಯವಿದ್ದ 16 ಜನರಲ್ಲಿ 14 ಮಂದಿಗೆ ಚೆನ್ನಾಗಿ ಗುಣವಾಗಿತ್ತು. ಮೊಣಕಾಲ ಚಿಪ್ಪಿನ ಗಾಯವಿದ್ದ 7 ಜನರಲ್ಲಿ ಇಬ್ಬರಿಗೆ ಮಾತ್ರ. ಈಗ ಜೀವಕೋಶಗಳನ್ನು ಕೊಲಾಜೆನ್ ಪದರದ ಮೇಲೆ ಕೂರಿಸಿ ಅಂಟಿಸುವ ವಿಧಾನವೂ ಬಂದಿದೆ. ಆದರೆ ಇದು ಆಟದಲ್ಲೋ ಅಪಘಾತದಲ್ಲೋ ಒಂದೇ ಕಡೆ ಪೆಟ್ಟು ಬಿದ್ದ, ಕೀಲು ಮಿಕ್ಕಂತೆ ಚೆನ್ನಾಗಿರುವ ಕಿರಿಯರಿಗೆ. ಇಡೀ ಹೊಲವೇ ಕೊಚ್ಚಿಹೋದ ಮೇಲೆ ನಾಟಿ ಎಲ್ಲಿ ಮಾಡುವುದು?

ವಯಸ್ಸಿನ ಸವೆತಕ್ಕೆ ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ ದಾನಿಗಳ ಮೂಳೆಮಜ್ಜೆಯ ಸ್ಟೆಮ್ ಸೆಲ್‌ಗಳಿಂದ ಒಂದು ಇಂಜೆಕ್ಷನ್ ತಯಾರಿಸಿದೆ. 2022ರಲ್ಲಿ ಭಾರತದ ಔಷಧ ನಿಯಂತ್ರಕರು ಅದಕ್ಕೆ ಅನುಮತಿ ಕೊಟ್ಟರು, ಅದೂ 2 ಮತ್ತು 3ನೇ ಹಂತದ ಸವೆತಕ್ಕೆ. 146 ರೋಗಿಗಳ ಪರೀಕ್ಷೆಯಲ್ಲಿ ಇದನ್ನು ಪಡೆದವರಿಗೆ ನೋವು, ಬಿಗಿತ ಕಡಿಮೆಯಾದವು. ಇದ್ದ ಮೃದ್ವಸ್ಥಿ ಇನ್ನಷ್ಟು ಕೆಡದಂತೆ ತಡೆಯಿತು ಎನ್ನಬಹುದು. ಹೊಸ ಕೀಲು ಬೆಳೆಯಿತು ಎನ್ನಲಾಗದು. ಮೂಳೆಗೆ ಮೂಳೆ ತಾಗುತ್ತಿರುವ 4ನೇ ಹಂತದವರು ಇದನ್ನು ನಂಬಿ ಸಾಲ ಮಾಡಬೇಡಿ.

ಹೊಟ್ಟೆಯ ಕೊಬ್ಬು ತೆಗೆದು ಅದೇ ದಿನ ಮೊಣಕಾಲಿಗೆ ಚುಚ್ಚುವುದು ಬೇರೆಯೇ ಸಂಗತಿ. ಅಂಥಲ್ಲಿ ಸಂಕೋಚಪಡದೆ ಕೇಳಿ: ಇದಕ್ಕೆ ಔಷಧ ನಿಯಂತ್ರಕರ ಅನುಮತಿ ಇದೆಯೇ? ಸಂಶೋಧನೆ ಎಂದರೆ ನೋಂದಣಿ ಸಂಖ್ಯೆ ಬರೆದುಕೊಡಿ ಎನ್ನಿ. ಸಂಶೋಧನೆಯ ಚಿಕಿತ್ಸೆಗೆ ರೋಗಿಯಿಂದ ಹಣ ಕೇಳುವಂತಿಲ್ಲ.

ನಿಮ್ಮ ಸವೆತ ಯಾವ ಹಂತದ್ದೆಂದು ತಿಳಿಯಲು ನಿಂತುಕೊಂಡು ತೆಗೆಸಿದ ಎಕ್ಸ್‌ರೇ ಬೇಕು. ಮಲಗಿ ತೆಗೆಸಿದ್ದರಲ್ಲಿ ಮೂಳೆಗಳ ನಡುವಿನ ಸಂದು ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ಮುಂದಿನ ಸಲ ಬರುವಾಗ ಹಳೆಯ ಫಿಲ್ಮುಗಳನ್ನೂ ಮರೆಯದೆ ತನ್ನಿ.