ಮನೆಯಲ್ಲಿ ಕುಳಿತು ಬರೆಯುವವರ ಕೂಲಿ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕುಕನೂರಿನಲ್ಲಿ ಮನೆಯಲ್ಲೇ ಕುಳಿತು ದುಡಿಯುವುದು ಹೊಸದಲ್ಲ. ಕೌದಿ ಹೊಲಿಯಲು ಕೊಡುವಾಗ ಕೂಲಿ ಎಷ್ಟೆಂದು ಮೊದಲೇ ಮಾತಾಡುತ್ತೇವೆ. ಆದರೆ "ಈ ಉರ್ದು ಪುಸ್ತಿಕೆ ಕನ್ನಡಕ್ಕೆ ಮಾಡಿಕೊಡಿ ಸರ್" ಎನ್ನುವಾಗ ಕೂಲಿಯ ಮಾತೇ ಬರುವುದಿಲ್ಲ. ನಾನೂ ಒಮ್ಮೆ ರಾತ್ರಿಯೆಲ್ಲ ಕುಳಿತು ನಲವತ್ತು ಪುಟ ಅನುವಾದಿಸಿಕೊಟ್ಟೆ. ಅಚ್ಚಾಗಿ ಬಂದಾಗ ಹಣವೂ ಇರಲಿಲ್ಲ, ನನ್ನ ಹೆಸರೂ ಇರಲಿಲ್ಲ. ಕೇಳೋಣವೆಂದರೆ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಅರ್ಧ ತಪ್ಪು ನನ್ನದೇ.

ಬರವಣಿಗೆಯನ್ನು ಕಸುಬಾಗಿ ನಡೆಸಿದವರು ನಮ್ಮ ಸೀಮೆಯಲ್ಲೇ ಇದ್ದರು. ಹಾವೇರಿ ಕಡೆಯ ಗಳಗನಾಥರು (1869–1942) ಶಾಲಾ ಮಾಸ್ತರರು. ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು.

ನಮ್ಮ ಹುಡುಗಿಯರಿಗೆ ಹೇಳಬೇಕಾದದ್ದು ಸಾರಾ ಅಬೂಬಕ್ಕರ್ ಅವರ ಮಾತು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದರು. ಮುಸ್ಲಿಂ ಹುಡುಗಿ ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಕಾಲ. ಮದುವೆಯಾಗಿ ನಾಲ್ಕು ಗಂಡುಮಕ್ಕಳನ್ನು ಸಾಕಿದರು. 'ಚಂದ್ರಗಿರಿಯ ತೀರದಲ್ಲಿ' 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದಾಗ, 1981ರಲ್ಲಿ, ಅವರಿಗೆ 45 ವಯಸ್ಸು. ಅದರಲ್ಲಿ ತಲಾಖ್ ಪಡೆದ ನಾದಿರಾಳ ಕಥೆಯನ್ನು ನಮ್ಮಲ್ಲಿ ಎಷ್ಟೋ ಜನ ಸಹಿಸಲಿಲ್ಲ. ಈಗಲೂ ಓದದೆ ಬೈಯುವವರಿದ್ದಾರೆ. ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಮಲಯಾಳದಿಂದ ಅನುವಾದಗಳನ್ನೂ ಮಾಡಿದರು. 1994ರಲ್ಲಿ ಚಂದ್ರಗಿರಿ ಪ್ರಕಾಶನ ಎಂಬ ಸ್ವಂತ ಪ್ರಕಾಶನವನ್ನೇ ಆರಂಭಿಸಿದರು.

2011ರ 'ಬ್ಯಾರಿ' ಚಲನಚಿತ್ರ ತಮ್ಮ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡಿದೆ ಎಂದು ಅವರು ಮಂಗಳೂರಿನ ನ್ಯಾಯಾಲಯದ ಮೆಟ್ಟಿಲೇರಿದರು. ಎಪ್ಪತ್ತು ದಾಟಿದ ಹೆಂಗಸಿಗೆ ಇದೆಲ್ಲ ಯಾಕೆ ಎಂದವರೂ ಇದ್ದಿರಬಹುದು. ತೀರ್ಪು ಅವರ ಪರವಾಗಿ ಬಂತು. 2023ರ ಜನವರಿಯಲ್ಲಿ ತೀರಿಕೊಂಡರು.

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಬರೆದವರು ಇರುವವರೆಗೆ ಮತ್ತು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಅಂದರೆ ಸಾರಾ ಅವರ ಪುಸ್ತಕಗಳ ಹಕ್ಕು 2083ರ ಕೊನೆಯವರೆಗೆ. ಹಕ್ಕನ್ನು ಬೇರೆಯವರಿಗೆ ವಹಿಸಬೇಕಾದರೆ ಬರೆದು ಸಹಿ ಮಾಡಬೇಕು, ಬಾಯಿಮಾತು ಸಾಲದು. ಆ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದೇ ವರ್ಷ ಎಂದು ಲೆಕ್ಕ. ಬಿ.ಎಡ್.ನಲ್ಲಿ ಪಾಠ ಹೇಳುವುದನ್ನು ಕಲಿತೆ; ಇದನ್ನು ಪೆಟ್ಟು ತಿಂದ ಮೇಲೆ ಕಲಿತೆ.

ಇದನ್ನು ಕೇಳಿ ಯಾರೂ ನೌಕರಿಯ ಅರ್ಜಿ ಹರಿದು ಹಾಕಬೇಡಿ. ಕನ್ನಡದಲ್ಲಿ ಬರೆದೇ ಹೊಟ್ಟೆ ಹೊರೆಯುವುದು ಇವತ್ತಿಗೂ ಕಷ್ಟ. ಆದರೆ ಪಿ.ಯು.ಸಿ. ಮುಗಿಸಿ ಮನೆಯಲ್ಲಿ ಉಳಿದ ಹುಡುಗಿಗೆ ಉರ್ದು, ಕನ್ನಡ ಎರಡೂ ಬರುತ್ತವೆ. ಇದು ಎಲ್ಲರಲ್ಲೂ ಇಲ್ಲದ ಬಂಡವಾಳ. ತಂದೆತಾಯಂದಿರೆ, ಅವಳು ಬರೆಯಲು ಕುಳಿತಾಗ "ಸುಮ್ಮನೆ ಕೂತಿದ್ದಾಳೆ" ಎಂದು ನಡುನಡುವೆ ಎಬ್ಬಿಸಬೇಡಿ. ಹೊಲಿಗೆ ಯಂತ್ರದ ಮುಂದೆ ಕುಳಿತವಳನ್ನು ಹಾಗೆ ಎಬ್ಬಿಸುತ್ತೀರಾ?

ಅನುವಾದ ಕಲಿಯಬೇಕೆನ್ನುವವರು ಶಾಲೆ ಬಿಟ್ಟ ಮೇಲೆ ನನ್ನ ಬಳಿ ಬರಬಹುದು. ಎರಡು ನೋಟ್‌ಬುಕ್ ತನ್ನಿ: ಒಂದು ಬರೆಯಲು, ಇನ್ನೊಂದು ಯಾರಿಗೆ ಯಾವತ್ತು ಎಷ್ಟು ಪುಟ ಕೊಟ್ಟಿರಿ, ಎಷ್ಟು ಹಣ ಬಂತು ಎಂದು ಲೆಕ್ಕ ಇಡಲು.